ಬೆಂಚಿಗೆ ಹೋದ ಹುಡುಗನ ಪರವಾಗಿ ದೊಡ್ಡಮ್ಮನ ದೂರು

ಟಾಲಾ, ಡಬ್ಲಿನ್
20 ಆಗಸ್ಟ್ 2020

ಶ್ರೀಯುತ ಡೆಕ್ಲನ್ ಟ್ರೇಸಿಯವರ ಸನ್ನಿಧಾನಕ್ಕೆ,
ಮುಖ್ಯ ತರಬೇತುದಾರರು, ಡಾಡರ್ ಹೆರನ್ಸ್ ಅಮೆರಿಕನ್ ಫುಟ್‌ಬಾಲ್ ತಂಡ

ಮಾನ್ಯರಲ್ಲಿ ಮಾನ್ಯರಾದ ಟ್ರೇಸಿಯವರೇ,

ತಾವು, ತಮ್ಮ ಸೀಟಿ, ಮತ್ತು ಮಳೆ ಬಂದರೂ ಬಿಸಿಲು ಬಂದರೂ ತಮ್ಮ ಕಂಕುಳಿನಿಂದ ಕದಲದ ಆ ಬರೆಯುವ ಹಲಗೆ, ಮೂವರೂ ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನಾವೂ ಕ್ಷೇಮ, ನನ್ನ ಬಲಗೈಯ ಕಿರುಬೆರಳೊಂದನ್ನು ಬಿಟ್ಟು. ಅದಕ್ಕೆ ಏನಾಯಿತೆಂಬುದನ್ನು ಅದರ ಸರದಿ ಬಂದಾಗ ನಿವೇದಿಸಿಕೊಳ್ಳುತ್ತೇನೆ.

ನಾನು ವಸುಂಧರಾ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ತಮ್ಮ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದು, ಆಮೇಲೆ ತಮ್ಮ ಕೃಪೆಯಿಂದ ಬೆಂಚಿನ ಕಾವಲುಗಾರನಾಗಿ ಬಡ್ತಿ ಪಡೆದ ಇಪ್ಪತ್ತು ವರ್ಷದ ಚಿರಾಗನಿಗೆ ದೊಡ್ಡಮ್ಮ, ಅಂದರೆ ಅವನ ತಾಯಿ ಜ್ಯೋತ್ಸ್ನಾಳ ಅಕ್ಕ. ತಂಗಿಯ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗೋಣವೆಂದು ಫೆಬ್ರವರಿಯಲ್ಲಿ ಬಂದೆ. ವಿಮಾನಗಳು ನಿಂತವು, ನಾನು ಉಳಿದೆ. ಈಗ ಏಳನೆಯ ತಿಂಗಳು ನಡೆಯುತ್ತಿದೆ.

ಈ ಪತ್ರವನ್ನು ಕನ್ನಡದಲ್ಲೇ ಬರೆದು ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಜಗಳಕ್ಕಿಳಿದರೆ ನನ್ನ ಬಾಯಿಂದ ಮೊದಲು ‘ಸಾರಿ’ ಬರುತ್ತದೆ, ಆಮೇಲೆ ಬರಬೇಕಾದದ್ದು ಬರುವುದೇ ಇಲ್ಲ. ತಮಗೆ ಇದನ್ನು ಚಿರಾಗನೇ ಅನುವಾದಿಸಿ ಓದಿ ಹೇಳುತ್ತಾನೆ. ಇಲ್ಲೇ ಹುಟ್ಟಿದ ಹುಡುಗ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರದಲ್ಲಿ ಮಾತ್ರ ಅರ್ಧ ತಮ್ಮ ಇಂಗ್ಲಿಷ್ ಬೆರೆಸುತ್ತಾನೆ. ಓದುವಾಗ ಎಲ್ಲಿ ಅವನು ತಡವರಿಸುತ್ತಾನೋ ಅಲ್ಲಿ ನಾನು ತಮ್ಮನ್ನು ಬೈದಿದ್ದೇನೆಂದು ದಯಮಾಡಿ ತಿಳಿಯತಕ್ಕದ್ದು.

ತಮ್ಮ ಆಟವನ್ನು ನಾನು ಮೊದಲು ನೋಡಿದ್ದು ಮಾರ್ಚ್ ಎಂಟರ ಭಾನುವಾರ. ಬೀಗ ಬೀಳುವ ಮುಂಚಿನ ಕೊನೆಯ ಭಾನುವಾರವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಚೆಂಡು ನಮ್ಮ ಕಡೆಯ ಸಣ್ಣ ಪರಂಗಿ ಹಣ್ಣಿನ ಆಕಾರದ್ದು. ಅದು ಮೊದಲು ಚಿರಾಗನ ಕೈಗೆ ಬರುತ್ತದೆ, ಬಂದ ಮರುಗಳಿಗೆಯಲ್ಲಿ ಎದುರಿನ ದಾಂಡಿಗರು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ, ಅಷ್ಟರೊಳಗೆ ಅವನು ಮುಂದೆ ಓಡುತ್ತಿರುವ ತನ್ನವನಿಗೆ ಅದನ್ನು ಎಸೆಯಬೇಕು. ಕ್ವಾರ್ಟರ್‌ಬ್ಯಾಕ್ ಅಂದರೆ ಇಷ್ಟೇ ಎಂದು ಅವನೇ ನನಗೆ ವಿವರಿಸಿದ್ದ. ಅಂದು ಅವನ ಮೊದಲ ಎಸೆತ ಎದುರಾಳಿಯ ಕೈಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದನ್ನು ಹಿಡಿದ ಭಾರಿ ದಪ್ಪನೆಯ ಮನುಷ್ಯನೊಬ್ಬ ಇಡೀ ಮೈದಾನ ಓಡಿ ಕೊನೆಯ ಗೆರೆ ದಾಟಿದ. ಅಷ್ಟು ದಪ್ಪನೆಯವರು ಅಷ್ಟು ದೂರ ಓಡಿದ್ದನ್ನು ನೋಡಿ ನನಗೆ ಆನಂದವಾಗಿ ಎದ್ದು ನಿಂತು ಚಪ್ಪಾಳೆ ಹೊಡೆದೆ. ಅವರು ಬೇರೆ ತಂಡದವರೆಂದು ಪಕ್ಕದಲ್ಲಿದ್ದವರು ತಿಳಿಸಬೇಕಾಯಿತು.

ಅರ್ಧ ಆಟ ಮುಗಿದಾಗ ತಾವು ಚಿರಾಗನ ಭುಜ ತಟ್ಟಿ, “ಅಲ್ಲಿ ಕೂತಿರಪ್ಪ, ಒಳ್ಳೇ ಹುಡುಗ” ಎಂದು ಬೆಂಚು ತೋರಿಸಿ, ರೋನನ್ ಎಂಬ ಇನ್ನೊಬ್ಬನನ್ನು ಮೈದಾನಕ್ಕೆ ಕಳಿಸಿದಿರಿ. ಕಳಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನಾನೂ ನನ್ನ ಸರ್ವಿಸಿನಲ್ಲಿ ಎಷ್ಟೋ ಹುಡುಗಿಯರನ್ನು ಕೂರಿಸಿದ್ದೇನೆ. ಅವರಲ್ಲಿ ಕೆಲವರು ಈಗಲೂ ದೇವರಾಜ ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡರೆ ತರಕಾರಿ ನೋಡುವಂತೆ ನಟಿಸುತ್ತಾರೆ. ಆದರೆ ಯಾಕೆ ಕೂರಿಸಿದೆನೆಂದು ನಾನು ಹೇಳುತ್ತಿದ್ದೆ. ತಾವು ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಆ ವಾರದ ಕೊನೆಗೆ ಹುಡುಗ ಧೈರ್ಯ ಮಾಡಿ, ‘ನಾನು ಏನು ತಪ್ಪು ಮಾಡಿದೆ, ಹೇಳಿದರೆ ತಿದ್ದಿಕೊಳ್ಳುತ್ತೇನೆ’ ಎಂದು ತಮಗೆ ಫೋನಿನಲ್ಲಿ ಸಂದೇಶ ಬರೆದ. ಬರೆದು ಎರಡು ದಿನ ಕಾದ. ತಾವು ಉತ್ತರವಾಗಿ ಕಳಿಸಿದ್ದು ಒಂದು ಹೆಬ್ಬೆರಳಿನ ಚಿತ್ರ.

ಮಾನ್ಯರೇ, ಆ ಹೆಬ್ಬೆರಳನ್ನು ನಮ್ಮ ಮನೆಯಲ್ಲಿ ಎಷ್ಟು ರೀತಿಯಲ್ಲಿ ವ್ಯಾಖ್ಯಾನ ಮಾಡಿದರೆಂದು ತಾವು ಊಹಿಸಲಾರಿರಿ. ಜ್ಯೋತ್ಸ್ನಾಳ ಗಂಡ ಹೇಮಚಂದ್ರ, “ಸರಿ, ನೋಡೋಣ ಅಂತ ಅರ್ಥ ಇರಬೇಕು” ಎಂದ. ನಾನು ಆಶೀರ್ವಾದವಿರಬಹುದೆಂದೆ. ಚಿರಾಗ್ ಮಾತ್ರ, “ಇಟ್ಸ್ ಗ್ರ್ಯಾಂಡ್, ದೊಡ್ಡಮ್ಮ” ಎಂದು ಹೇಳಿ ಮಹಡಿ ಹತ್ತಿದ. ತಮ್ಮ ದೇಶದಲ್ಲಿ ಗ್ರ್ಯಾಂಡ್ ಎಂದರೆ ಏನೂ ಗ್ರ್ಯಾಂಡ್ ಆಗಿಲ್ಲವೆಂದು ಅರ್ಥವೆಂಬುದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ದೇಶಕ್ಕೇ ಬೀಗ ಬಿತ್ತು. ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಸ್ಯಾಂಡಿಫರ್ಡಿನಲ್ಲಿದ್ದ ಹೇಮಚಂದ್ರನ ಆಫೀಸು ನಮ್ಮ ಅಡುಗೆಮನೆಯ ಮೇಜಿಗೆ ಬಂದು ಕೂತಿತು. ಆಸ್ಪತ್ರೆಯ ಡಾಕ್ಟರಾದ ಜ್ಯೋತ್ಸ್ನಾ ಮಾತ್ರ ದಿನಾ ಕೆಲಸಕ್ಕೆ ಹೋಗಿ ಬಂದು, ಹಿತ್ತಲ ಶೆಡ್ಡಿನಲ್ಲಿ ಬಟ್ಟೆ ಬದಲಿಸಿ, ಮಹಡಿಯ ಒಂದು ಕೋಣೆಯಲ್ಲಿ ಒಬ್ಬಳೇ ಇರತೊಡಗಿದಳು; ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ನಾನು ಹಿಂದೆ ಸರಿಯಬೇಕಿತ್ತು. ಚಿರಾಗ್ ಮಧ್ಯಾಹ್ನ ಏಳುತ್ತಿದ್ದ, ಒಂದು ದೋಸೆ ತಿನ್ನುತ್ತಿದ್ದ, ಮತ್ತೆ ಮಲಗುತ್ತಿದ್ದ. ಜರ್ಮನಿಯ ಯಾವುದೋ ಕ್ಲಬ್ಬಿನವರು ಬೇಸಿಗೆಯಲ್ಲಿ ಹೊಸಬರನ್ನು ಆರಿಸುವ ಶಿಬಿರ ನಡೆಸುವವರಿದ್ದರಂತೆ, ಅದಕ್ಕೆ ಹೋಗುವುದು ಎರಡು ವರ್ಷದಿಂದ ಅವನ ಕನಸಂತೆ. ಶಿಬಿರ ಮುಂದಿನ ವರ್ಷಕ್ಕೆ ಹೋಯಿತೆಂದು ಕಾಗದ ಬಂದಾಗ ಅವನು ಅದನ್ನು ಪೂರ್ತಿ ಓದಲೂ ಇಲ್ಲ.

ಏಪ್ರಿಲ್ ಮೊದಲ ವಾರ ಬಾಗಿಲ ಬಳಿ ಕಪ್ಪು ಪ್ಲಾಸ್ಟಿಕ್ ಚೀಲವೊಂದು ಕಾಣಿಸಿಕೊಂಡಿತು. ಬಿಚ್ಚಿ ನೋಡಿದರೆ ಹೆಲ್ಮೆಟ್ಟು, ಭುಜದ ಕವಚ, ಶೂಸು, ಚೆಂಡು.

“ಇದೆಲ್ಲಿಗೋ?” ಎಂದೆ.

“ಚಾರಿಟಿ ಶಾಪ್‌ಗೆ, ದೊಡ್ಡಮ್ಮ. ಐಮ್ ಡನ್. ಸಾಕು.”

“ಹೋಗಿ ಕೊಟ್ಟು ಬಾ ಮತ್ತೆ.”

“ಶಾಪ್ ಕ್ಲೋಸ್ಡ್.”

ತಮ್ಮ ಸರ್ಕಾರ ಎಲ್ಲ ಅಂಗಡಿಗಳ ಜೊತೆಗೆ ಹಳೇ ಸಾಮಾನಿನ ದಾನದ ಅಂಗಡಿಗಳನ್ನೂ ಮುಚ್ಚಿಸಿದ್ದಕ್ಕೆ ನಾನು ಪ್ರತ್ಯೇಕವಾಗಿ ಒಂದು ವಂದನಾ ಪತ್ರ ಬರೆಯಬೇಕೆಂದಿದ್ದೇನೆ. ಚೀಲ ಹನ್ನೊಂದು ದಿನ ಅಲ್ಲೇ ಬಿದ್ದಿತ್ತು. ಹನ್ನೆರಡನೆಯ ದಿನ ನಾನು ಅದರಿಂದ ಚೆಂಡು ತೆಗೆದುಕೊಂಡು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ವೆಟರಿನ ತೋಳು ಮಡಿಸಿ ಹಿತ್ತಲಿಗೆ ಹೋಗಿ ಗೋಡೆಗೆ ಎಸೆಯತೊಡಗಿದೆ. ಅದು ಗುಂಡಗಿಲ್ಲದ ಕಾರಣ ಗೋಡೆಗೆ ಬಡಿದು ಪ್ರತಿ ಸಲವೂ ಬೇರೆ ದಿಕ್ಕಿಗೆ ಓಡುತ್ತಿತ್ತು, ನಾನು ಅದರ ಹಿಂದೆ ಓಡುತ್ತಿದ್ದೆ. ಹತ್ತು ನಿಮಿಷ ಈ ದೃಶ್ಯವನ್ನು ಕಿಟಕಿಯಿಂದ ನೋಡಿ ಚಿರಾಗ್ ಕೆಳಗಿಳಿದು ಬಂದ.

“ಹಂಗಲ್ಲ, ದೊಡ್ಡಮ್ಮ. ಲೇಸಸ್ ಮೇಲೆ ಬೆರಳು ಇಡ್ಬೇಕು.”

“ಎಲ್ಲಿ, ತೋರ್ಸು.”

ಚೆಂಡಿನ ಮೇಲಿನ ಹೊಲಿಗೆಯ ದಾರವನ್ನು ಅವನು ತೋರಿಸಿದ. ನಾನು ಹಿಡಿದೆ. ಮೂವತ್ತಮೂರು ವರ್ಷ ಥ್ರೋಬಾಲ್ ಕಲಿಸಿದವಳ ಕೈ, ಮಾನ್ಯರೇ. ತಮ್ಮ ಗಮನಕ್ಕಾಗಿ: ನಮ್ಮ ಥ್ರೋಬಾಲಿನಲ್ಲಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಮೂರು ಸೆಕೆಂಡಿನೊಳಗೆ, ಭುಜದ ಮೇಲಿಂದ, ಒಂದೇ ಕೈಯಲ್ಲಿ ಎಸೆಯಬೇಕು. ತಮ್ಮ ಕ್ವಾರ್ಟರ್‌ಬ್ಯಾಕ್ ಮಾಡುವುದೂ ಇದನ್ನೇ. ನಮ್ಮ ಹುಡುಗಿಯರು ಇದನ್ನು ಹೆಲ್ಮೆಟ್ಟಿಲ್ಲದೆ, ಎರಡು ಜಡೆ ಕಟ್ಟಿಕೊಂಡು ಮಾಡುತ್ತಾರೆಂಬುದಷ್ಟೇ ವ್ಯತ್ಯಾಸ.

ಹೀಗೆ ಪ್ರತಿ ಸಂಜೆ ಐದಕ್ಕೆ ನಮ್ಮ ಅಭ್ಯಾಸ ಶುರುವಾಯಿತು. ಐದನೆಯ ದಿನ ನನ್ನ ಕಿರುಬೆರಳು ಊದಿ ಗಜ್ಜರಿಯಂತಾಯಿತು. ಪಕ್ಕದ ಮನೆಯ ಗ್ಯಾಫ್ನಿಯವರು, ಎಪ್ಪತ್ತೆಂಟು ವರ್ಷದವರು, ವಯಸ್ಸಾದವರು ಹೊರಗೆ ಹೆಜ್ಜೆ ಇಡಬಾರದೆಂಬ ಆಜ್ಞೆಯಂತೆ ಮನೆಯಲ್ಲೇ ಇದ್ದು ನಡುಗೋಡೆಯ ಮೇಲೆ ಗದ್ದವಿಟ್ಟು ನಮ್ಮನ್ನು ನೋಡುವುದನ್ನೇ ದಿನಚರಿ ಮಾಡಿಕೊಂಡಿದ್ದವರು, ತಮ್ಮ ತೋಟದ ಕೈಗವಸುಗಳನ್ನು ಗೋಡೆಯಾಚೆಯಿಂದ ನನಗೆ ಎಸೆದರು. ಅವನ್ನು ಹಾಕಿಕೊಂಡು ನಾನು ಮತ್ತೆ ನಿಂತೆ. ಒಮ್ಮೆ ನಾನು ಹಾರಿ ಹಿಡಿಯಲು ಹೋಗಿ ಅಡುಗೆಮನೆಯ ಕಿಟಕಿಗೆ ಮೈಯೆಲ್ಲ ಅಪ್ಪಳಿಸಿದಾಗ ಒಳಗೆ ಹೇಮಚಂದ್ರನ ಮೀಟಿಂಗ್ ನಡೆಯುತ್ತಿತ್ತು. ಕ್ಯಾಮೆರಾದಲ್ಲಿ ಹದಿನಾಲ್ಕು ಜನ ನನ್ನನ್ನು ಕಂಡರು. “ಅದು ನನ್ನ ಹೆಂಡತಿಯ ಅಕ್ಕ, ಆಕೆ ರಿಸೀವರ್, ಚೆಂಡು ಹಿಡಿಯೋಳು” ಎಂದು ಅವನು ಸಮಾಧಾನವಾಗಿ ಹೇಳಿ ಮುಂದಿನ ವಿಷಯಕ್ಕೆ ಹೋದನಂತೆ.

ಮೂರನೆಯ ವಾರದಲ್ಲಿ ಗ್ಯಾಫ್ನಿಯವರು ಗೋಡೆಯಾಚೆಯಿಂದ ಒಂದು ಮಾತು ಹೇಳಿದರು. “ನನಗೆ ಈ ಆಟ ಗೊತ್ತಿಲ್ಲಮ್ಮ. ಆದ್ರೂ ಅವನು ಎಸೆಯೋಕೆ ಮುಂಚೇನೇ ಎಲ್ಲಿಗೆ ಹೋಗುತ್ತೆ ಅಂತ ಹೇಳಬಲ್ಲೆ. ಅವನು ಅಲ್ಲೇ ದಿಟ್ಟಿಸ್ತಿರ್ತಾನೆ.”

ದಿನಾ ಎದುರಿಗೆ ನಿಂತಿದ್ದರೂ ನನಗೆ ಕಾಣದ್ದು ಅವರಿಗೆ ಪಕ್ಕದಿಂದ ಕಂಡಿತ್ತು. ಹುಡುಗನ ಕಣ್ಣು ಅವನ ಕೈಗಿಂತ ಮೊದಲೇ ಎಸೆದುಬಿಡುತ್ತಿತ್ತು. ಮಾರ್ಚ್ ಎಂಟರಂದು ಎದುರಾಳಿಗಳು ಚೆಂಡನ್ನಲ್ಲ, ಅವನ ಕಣ್ಣನ್ನು ನೋಡಿಕೊಂಡು ಓಡಿದ್ದರು. ಇದು ನನ್ನ ಹುಡುಗಿಯರಿಗೆ ಎಂಟನೇ ಕ್ಲಾಸಿನಲ್ಲೇ ಹೇಳಿಕೊಡುವ ಪಾಠ: ಬಲ ಮೂಲೆ ನೋಡು, ಎಡ ಮೂಲೆಗೆ ಹಾಕು.

“ಚಿರಾಗ್, ಹಗ್ಗದ ಮೇಲಿರೋ ಟವೆಲ್ ನೋಡೋ. ನನಗೆ ಎಸಿ.”

“ನಿಮ್ಮನ್ನ ನೋಡ್ದೆ ಹೆಂಗೆ ದೊಡ್ಡಮ್ಮ?”

“ಮೊದ್ಲು ಒಂದ್ಸಲ ನೋಡ್ಕೊ. ಆಮೇಲೆ ನಾನು ಎಲ್ಲಿದ್ದೀನಿ ಅಂತ ನೆನಪಿಟ್ಕೊ. ನಾನೇನು ಓಡಿಹೋಗಲ್ಲ, ಮಂಡಿನೋವು.”

ಮೊದಲ ಎಸೆತ ಗ್ಯಾಫ್ನಿಯವರ ಗುಲಾಬಿ ಗಿಡಕ್ಕೆ, ಎರಡನೆಯದು ಶೆಡ್ಡಿನ ಮೇಲಕ್ಕೆ, ಮೂರನೆಯದು ಟವೆಲ್ಲಿಗೇ ಹೋಯಿತು. ಹತ್ತು ದಿನದ ಮೇಲೆ ಟವೆಲ್ ನೋಡುತ್ತ ನನಗೆ, ನನ್ನನ್ನು ನೋಡುತ್ತ ಶೆಡ್ಡಿನ ಬಾಗಿಲಿಗೆ ಎಸೆಯತೊಡಗಿದ. ಒಂದು ಸಂಜೆ, ಆಸ್ಪತ್ರೆಯಲ್ಲಿ ಅಂದು ಏನಾಗಿತ್ತೋ ನಾನು ಕೇಳಲಿಲ್ಲ, ಜ್ಯೋತ್ಸ್ನಾ ಮಹಡಿಯ ಕಿಟಕಿಗೆ ಬಂದು ನಿಂತಿದ್ದಳು. ಚಿರಾಗ್ ಅವಳನ್ನೇ ನೋಡುತ್ತ ಚೆಂಡನ್ನು ನನ್ನ ಪಕ್ಕಕ್ಕೆ ಎಸೆದ. ನಾನು ಒಂದು ಕೈ ಚಾಚಿ ಹಿಡಿದು ಹುಲ್ಲಿನ ಮೇಲೆ ಬಿದ್ದೆ. ಕಿಟಕಿಯಲ್ಲಿ ನನ್ನ ತಂಗಿ ಎರಡೂ ಕೈ ನೇರವಾಗಿ ಮೇಲೆತ್ತಿದಳು, ತಮ್ಮ ಆಟದಲ್ಲಿ ಚೆಂಡು ಕೊನೆಯ ಗೆರೆ ದಾಟಿದ್ದಕ್ಕೆ ಅಂಪೈರುಗಳು ಟಚ್‌ಡೌನ್ ಕೊಡುವಾಗ ಎತ್ತುವಂತೆ. ನಾವು ಅಕ್ಕತಂಗಿಯರು ಆರು ವಾರಗಳಲ್ಲಿ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ಅದೇ ಮೊದಲು.

ಜುಲೈಯಲ್ಲಿ ತಮ್ಮ ಮೈದಾನ ತೆರೆಯಿತು. ಹೋಗುವುದಿಲ್ಲವೆಂದು ಹುಡುಗ ಎರಡು ದಿನ ಹಟ ಹಿಡಿದ. “ಅವರಿಗೆ ರೋನನ್ ಇದಾನೆ. ನನ್ನನ್ನ ಮತ್ತೆ ಕೂರಿಸ್ತಾರೆ” ಎಂದು ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ ಹೇಳಿದ. “ಕೂರಿಸಿದ್ರೆ ಕೂತ್ಕೊ. ಮಂಚದ ಮೇಲೆ ಬಿದ್ಕೊಳ್ಳೋದಕ್ಕಿಂತ ಬೆಂಚು ವಾಸಿ” ಎಂದೆ. ತಾವು ಅವನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟು, ಐದು ವಾರ ಅವನ ಕೈಗೆ ನೀರಿನ ಬಾಟಲಿಗಳ ಬುಟ್ಟಿ ಕೊಟ್ಟಿರಿ. ತಮ್ಮ ತಂಡದಲ್ಲಿ ಯಾರೂ ಬಾಯಾರಿ ಸತ್ತಿಲ್ಲವೆಂಬ ಕೀರ್ತಿ ನಮ್ಮ ಮನೆತನಕ್ಕೆ ಸೇರುವಂತೆ ಮಾಡಿದ್ದಕ್ಕೆ ತಮಗೆ ಎಷ್ಟು ಕೃತಜ್ಞತೆ ಸಲ್ಲಿಸಿದರೂ ಕಡಿಮೆಯೇ.

ಇನ್ನು ಆಗಸ್ಟ್ ಒಂಬತ್ತರ ಪಂದ್ಯ. ಮಾಸ್ಕ್ ಹಾಕಿಕೊಂಡು, ಮಡಚುವ ಕುರ್ಚಿ ಹಿಡಿದುಕೊಂಡು ನಾನೂ ಬಂದಿದ್ದೆ. ಕೊನೆಯ ಹನ್ನೆರಡು ನಿಮಿಷ ಉಳಿದಾಗ ತಾವು ಇಪ್ಪತ್ತೇಳು–ಆರರಲ್ಲಿ ಸೋಲುತ್ತಿದ್ದಿರಿ. ಇನ್ನು ಯಾರು ಆಡಿದರೂ ಒಂದೇ ಎಂಬ ಉದಾರ ಮನಸ್ಸಿನಿಂದ ತಾವು ಬೆಂಚಿನ ಕಡೆ ತಿರುಗಿ ಚಿರಾಗನನ್ನು ಕರೆದಿರಿ. ಅವನು ಬಾಟಲಿ ಬುಟ್ಟಿಯನ್ನು ತಂದು ನನ್ನ ಕಾಲ ಬಳಿ ಇಟ್ಟು ಹೋದ.

ಮೊದಲ ಎಸೆತದಲ್ಲಿ ಅವನು ಎಡಕ್ಕೆ ನೋಡಿ ಬಲಕ್ಕೆ ಎಸೆದ. ಎದುರಾಳಿಗಳೆಲ್ಲ ಎಡಕ್ಕೆ ಓಡಿದರು. ತಮ್ಮ ಆಟಗಾರನೂ ತನಗೆ ಬರುವುದಿಲ್ಲವೆಂದು ನಂಬಿ ಎಡಕ್ಕೇ ನೋಡುತ್ತಿದ್ದ. ಚೆಂಡು ಅವನ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿದು ಬಿತ್ತು. ತಾವು ಹಲಗೆಯಿಂದ ಮುಖ ಮುಚ್ಚಿಕೊಂಡಿರಿ. ನಾನು ಮಾತ್ರ ಕುರ್ಚಿಯಿಂದ ಎದ್ದಿದ್ದೆ, ಯಾಕೆಂದರೆ ಮೈದಾನದಲ್ಲಿ ಯಾರಿಗೂ ಅವನ ಕಣ್ಣು ಓದಲಾಗಿರಲಿಲ್ಲ. ಮುಂದಿನ ಮೂರು ಎಸೆತ ಸರಿಯಾದ ಕೈಗೆ ಹೋದವು. ಐದನೆಯದು ಗಾಳಿಗೆ ಸಿಕ್ಕಿ ಎದುರಾಳಿಯ ಪಾಲಾಯಿತು. ಮಾರ್ಚಿನಲ್ಲಿ ಇದೇ ಗಳಿಗೆಯಲ್ಲಿ ಅವನ ತಲೆ ತಗ್ಗಿತ್ತು. ಈ ಸಲ ಅವನು ಕೈಯೆತ್ತಿ ತನ್ನವರಿಗೆ “ಸಾರಿ, ನಂದು, ನಂದು” ಎಂದು ಕೂಗಿ, ಪಕ್ಕಕ್ಕೆ ಬಂದು ನೀರು ಕುಡಿದು, ಚೆಂಡು ಮತ್ತೆ ತಮ್ಮವರಿಗೆ ಸಿಕ್ಕಿದ ಕೂಡಲೇ ಯಾರೂ ಕರೆಯದೆ ತಾನೇ ಒಳಗೆ ಓಡಿದ. ತಾವು ತಡೆಯಲಿಲ್ಲ. ಎರಡು ನಿಮಿಷ ಉಳಿದಾಗ ಅವನು ನೇರ ಮುಂದೆ ದಿಟ್ಟಿಸುತ್ತ ಎಡ ಮೂಲೆಗೆ ಎಸೆದ ಚೆಂಡನ್ನು ತಮ್ಮ ಹುಡುಗ ಗೆರೆಯಾಚೆ ಹಿಡಿದ. ಇಪ್ಪತ್ತೇಳು–ಹನ್ನೆರಡು. ಸೋತೆವು. ಸೋತ ಹುಡುಗ ಹೆಲ್ಮೆಟ್ಟು ತೆಗೆದಾಗ ಮುಖ ಬೆವರಿ ಹೊಳೆಯುತ್ತಿತ್ತು. ಐದು ತಿಂಗಳಿಂದ ನಾನು ಆ ಮುಖವನ್ನು ನೋಡಿರಲಿಲ್ಲ.

ಆಮೇಲೆ ತಾವು ಮೂಗಿನ ಕೆಳಗೆ ಮಾಸ್ಕ್ ಇಳಿಸಿಕೊಂಡು, ನಾನು ಎರಡು ಮೀಟರೆಂದು ಕೈ ತೋರಿಸಿದ ಜಾಗದಲ್ಲಿ ನಿಂತು, “ನೀವೇನಾ ಆ ದೊಡ್ಡಮ್ಮ?” ಎಂದು ಕೇಳಿದಿರಿ.

“ಹೌದು. ಅವನನ್ನ ಯಾಕೆ ಕೂರಿಸಿದ್ರಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ?” ಎಂದು ನಾನು ಬಹಳ ದಿನಗಳಿಂದ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ.

ತಾವು ಟೋಪಿ ತೆಗೆದು ತಲೆ ಕೆರೆದುಕೊಂಡು, “ಏನೋ ತಪ್ಪಾಗ್ತಿದೆ ಅಂತ ಗೊತ್ತಿತ್ತು. ಏನು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹುಡುಗನಿಗೆ ಹೆಂಗೆ ಹೇಳೋದು? ನಾನು ಕೋಚ್ ಅಲ್ವಾ?” ಎಂದಿರಿ.

ಇಲ್ಲಿಂದ ನನ್ನ ನಿಜವಾದ ದೂರು ಆರಂಭವಾಗುತ್ತದೆ. ನಾಲ್ಕು ತಿಂಗಳಿಗೂ ಮೀರಿ ಊಟ ಹಾಕಿ ಸಾಕಿ ಬೆಳೆಸಿದ್ದ ನನ್ನ ಸಿಟ್ಟನ್ನು ತಾವು ಎರಡು ನಿಮಿಷದ ಸತ್ಯದಿಂದ ಕೊಂದುಬಿಟ್ಟಿರಿ. ಇದು ಸಭ್ಯರು ಮಾಡುವ ಕೆಲಸವಲ್ಲ. ಅಷ್ಟು ಸಾಲದೆಂಬಂತೆ, ಬರುವ ಭಾನುವಾರದ ಪಂದ್ಯದ ಮೊದಲರ್ಧಕ್ಕೆ ಚಿರಾಗನೇ ಕ್ವಾರ್ಟರ್‌ಬ್ಯಾಕ್, ಎರಡನೆಯ ಅರ್ಧಕ್ಕೆ ರೋನನ್, ಯಾರು ಚೆನ್ನಾಗಿ ಆಡುತ್ತಾರೋ ಆಮೇಲೆ ನೋಡೋಣವೆಂದು ಘೋಷಿಸಿ, ಪಂದ್ಯದ ವಿಡಿಯೊವನ್ನು ಜರ್ಮನಿಯವರಿಗೆ ಕಳಿಸಲು ತಾವೇ ಮುಂದಾಗಿ, ಪ್ರತಿ ಸಂಜೆ ಐದಕ್ಕೆ ಅವನನ್ನು ಅಭ್ಯಾಸಕ್ಕೆ ಕರೆಸಿಕೊಳ್ಳುತ್ತಿದ್ದೀರಿ. ಸಂತೋಷ. ಆದರೆ ಮೊನ್ನೆ ಮಂಗಳವಾರ ನಾನು ಅಭ್ಯಾಸಬಲದಿಂದ ಐದಕ್ಕೆ ಕೈಗವಸು ಹಾಕಿಕೊಂಡು ಹಿತ್ತಲಿಗೆ ಹೋಗಿ ನಿಂತಾಗ ಎದುರಿಗೆ ಯಾರೂ ಇರಲಿಲ್ಲ. ಗೋಡೆಯಾಚೆಯಿಂದ ಗ್ಯಾಫ್ನಿಯವರು, “ನಿಮ್ಮನ್ನೂ ಕೂರಿಸಿಬಿಟ್ರಾ?” ಎಂದರು. ನಾನು ಹೌದೆಂದೆ. ಅವರು ಒಳಗಿಂದ ಒಂದು ಕುರ್ಚಿ ತಂದು ತಮ್ಮ ಕಡೆ ಹಾಕಿಕೊಂಡರು, ನಾನು ನನ್ನ ಕಡೆ ಹಾಕಿಕೊಂಡೆ. ಇಬ್ಬರೂ ಗೋಡೆಯ ಆಚೀಚೆ ಕೂತು ಚಹಾ ಕುಡಿದೆವು. ಬೆಂಚು ವಾಸಿಯೆಂದು ನಾನು ಹುಡುಗನಿಗೆ ಹೇಳಿದ್ದು ಸುಳ್ಳೆಂದು ಅಂದು ತಿಳಿಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಅಲ್ಪ ಬೇಡಿಕೆಗಳು. ಭಾನುವಾರದ ಪಂದ್ಯಕ್ಕೆ ಪ್ರೇಕ್ಷಕರು ಬರುವಂತಿಲ್ಲವೆಂದು ಮೊನ್ನೆ ಸರ್ಕಾರದ ಅಪ್ಪಣೆಯಾಗಿದೆ. ಆದಕಾರಣ ನನ್ನನ್ನು ಪ್ರೇಕ್ಷಕಳೆಂದು ಪರಿಗಣಿಸದೆ ಮೈದಾನದ ಕಂಬವೆಂದೋ, ಬಾವುಟವೆಂದೋ, ಅದೂ ಆಗದಿದ್ದರೆ ಆಟಗಾರ್ತಿಯೆಂದೋ ದಾಖಲಿಸಿಕೊಳ್ಳಬೇಕು. ಆಟದಲ್ಲಿ ಸೀರೆ ನಿಷಿದ್ಧವೆಂದು ಎಲ್ಲಿಯೂ ಬರೆದಿಲ್ಲವೆಂದು ಹೇಮಚಂದ್ರ ಓದಿ ಹೇಳಿದ್ದಾನೆ. ಹೆಲ್ಮೆಟ್ಟಿನ ಹಿಂಭಾಗದಲ್ಲಿ ನನ್ನ ತುರುಬಿಗೆ ಸ್ವಲ್ಪ ಜಾಗ ಕೊರೆಸಿಕೊಟ್ಟರೆ ಸಾಕು. ಇದಾವುದೂ ತಮ್ಮ ಅಧಿಕಾರದಲ್ಲಿಲ್ಲದಿದ್ದರೆ, ಮೈದಾನದ ತಂತಿಬೇಲಿಯ ಹೊರಗೆ ಸಾರ್ವಜನಿಕ ಕಾಲುದಾರಿಯಲ್ಲಿ ಒಬ್ಬಳು ಹೆಂಗಸು ಎರಡೂವರೆ ಗಂಟೆ ತನ್ನ ಶೂಸಿನ ದಾರ ಕಟ್ಟಿಕೊಳ್ಳುತ್ತಿರುವುದನ್ನು ತಾವು ಕಂಡೂ ಕಾಣದಂತೆ ಇರಬೇಕು.

ಹುಡುಗ ಮುಂದೆ ಎಲ್ಲಿಯವರೆಗೆ ಹೋಗುತ್ತಾನೆಂದು ನನಗೆ ಗೊತ್ತಿಲ್ಲ, ಮಾನ್ಯರೇ. ಜರ್ಮನಿಯವರು ಕರೆಯಬಹುದು, ಕರೆಯದಿರಬಹುದು. ರೋನನ್ ಕೂಡ ಒಳ್ಳೆಯ ಹುಡುಗ, ಅವನ ಕೈಯೂ ಗಟ್ಟಿ. ಆದರೆ ಭಾನುವಾರ ಚಿರಾಗ್ ಎಡವಿದರೆ, ಅವನನ್ನು ಮತ್ತೆ ಕೂರಿಸಬೇಕಾಗಿ ಬಂದರೆ, ಕೂರಿಸಿ. ಪಕ್ಕದಲ್ಲಿ ತಾವೂ ಒಂದು ನಿಮಿಷ ಕೂತು, ಗೊತ್ತಿದ್ದರೆ ಗೊತ್ತಿದೆಯೆಂದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬಾಯಿಬಿಟ್ಟು ಹೇಳಿ. ಇಷ್ಟನ್ನು ಮಾತ್ರ ನಾನು ತಮಾಷೆಯಿಲ್ಲದೆ ಕೇಳುತ್ತಿದ್ದೇನೆ.

ಮುಂದಿನ ಶುಕ್ರವಾರ ಊರಿಗೆ ಹೊರಡುವವರೆಗೂ, ಹೊರಟ ಮೇಲೂ,
ತಮ್ಮ ವಿಶ್ವಾಸಿ ಹಾಗೂ ತಮ್ಮ ಎದುರು ತಂಡದವರಿಗೆ ಒಮ್ಮೆ ಚಪ್ಪಾಳೆ ಹೊಡೆದ,
ವಸುಂಧರಾ

ವಿ.ಸೂ.: ತಮ್ಮ ತಂಡದಲ್ಲಿ ಎಡಬದಿ ಓಡುವ ಆ ಎತ್ತರದ ಕೆಂಪುಗೂದಲಿನ ಹುಡುಗ ಚೆಂಡು ಹತ್ತಿರ ಬರುತ್ತಲೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಎರಡು ವರ್ಷದಿಂದ ತಾವು ಅವನಿಗೆ ಓಟ ಜೋರು ಮಾಡೆನ್ನುತ್ತಿದ್ದೀರಂತೆ. ಅವನನ್ನು ಬೆಂಚಿಗೆ ಕಳಿಸುವ ಯೋಚನೆಯಿದ್ದರೆ, ಅಲ್ಲಿಗೆ ಬೇಡ, ನಮ್ಮ ಹಿತ್ತಲಿಗೆ ಕಳಿಸಿ. ನನ್ನ ಬಳಿ ಇನ್ನೂ ಏಳು ಸಂಜೆಗಳಿವೆ, ಅವನಿಗೆ ನಾಲ್ಕು ಸಾಕು. ಉಳಿದ ಮೂರರಲ್ಲಿ ಬೇಕಾದರೆ ತಾವೂ ಬರಬಹುದು.